ಈಸೂರಿನ ಟೋಪಿ, ದೆಹಲಿಯ ಲೇಸು

ಈಸೂರು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 1942. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಮಾತನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಶಿಕಾರಿಪುರ ತಾಲೂಕಿನ ಈ ಹಳ್ಳಿಯ ಕಥೆಯ ನಡುವೆ ಒಂದು ಖಾದಿ ಟೋಪಿ ಇತ್ತೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಒಂದು ಗಜ ಬಟ್ಟೆಯೂ ಬೇಡದ ಟೋಪಿ ಅದು. ಐದು ವರ್ಷಗಳ ಬಳಿಕ ಅಂಥದೇ ಕೈನೂಲಿನಿಂದ ದೆಹಲಿಯಲ್ಲಿ ಒಂದು ಲೇಸಿನ ವಸ್ತ್ರ ಸಿದ್ಧವಾಯಿತು. ಒಂದು ಟೋಪಿಗಾಗಿ ಜೀವಗಳು ಹೋದವು. ಲೇಸು, ನಮ್ಮನ್ನು ಆಳಿದವರ ಮನೆಗೇ ಮದುವೆಯ ಉಡುಗೊರೆಯಾಗಿ ಹೋಯಿತು. ಇವೆರಡನ್ನೂ ಜೊತೆಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಲೇಸಿನ ವಿಷಯ. ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್‌ಳ ಮದುವೆ 1947ರ ನವೆಂಬರ್ 20ಕ್ಕೆ ನಿಶ್ಚಯವಾಗಿತ್ತು. ತನ್ನದೆಂಬುದನ್ನೆಲ್ಲ ಕೊಟ್ಟುಬಿಟ್ಟಿರುವ ತಾನು ಏನು ಉಡುಗೊರೆ ಕೊಡಲಿ ಎಂಬುದು ಗಾಂಧೀಜಿಯ ಪ್ರಶ್ನೆ. ರಾಟೆ ಇದೆಯಲ್ಲ, ನೂಲು ತೆಗೆದುಕೊಡಿ ಎಂದು ಸೂಚಿಸಿದವರು ಮೌಂಟ್‌ಬ್ಯಾಟನ್. ಗಾಂಧೀಜಿ ನೂತರು. ಆ ನೂಲಿನ ಎರಡೆಳೆ ಸೇರಿಸಿ ಹುರಿ ಮಾಡಿ ಹೆಣೆಯಲಾಯಿತು. ಹೆಣೆದವಳನ್ನು ಗಾಂಧೀಜಿ ತಮ್ಮ ಪತ್ರದಲ್ಲಿ 'ಒಬ್ಬ ಪಂಜಾಬಿ ಹುಡುಗಿ' ಎಂದಷ್ಟೇ ಹೇಳಿದ್ದಾರೆ. ಅವಳಿಗೆ ಕೆಲಸ ಕಲಿಸಿದ್ದು ಸಂಬಂಧದಲ್ಲಿ ಮೊಮ್ಮಗನಾಗಬೇಕಾದ ಕನು ಗಾಂಧಿ. ಲೇಸಿನ ನಡುವೆ 'ಜೈ ಹಿಂದ್' ಎಂಬ ಅಕ್ಷರಗಳಿದ್ದವು. ಮದುವೆಗೆ ಹೊರಟ ಮೌಂಟ್‌ಬ್ಯಾಟನ್ ದಂಪತಿಗಳೇ ಅದನ್ನು ಒಯ್ದರು. ಅದನ್ನು ಲುಂಗಿಯಂಥ ತುಂಡು ಪಂಚೆ ಎಂದು ಭಾವಿಸಿ ವಧುವಿನ ಅಜ್ಜಿ ಕ್ವೀನ್ ಮೇರಿ ಮುನಿಸಿಕೊಂಡರೆಂಬ ಪ್ರಸಂಗವನ್ನು ಮೌಂಟ್‌ಬ್ಯಾಟನ್ ಕುಟುಂಬದವರೇ ಹೇಳಿದ್ದಾರೆ. ಅದನ್ನು ಕೆಲವರು ಶಾಲು ಎಂದರು, ಕೆಲವರು ಕರವಸ್ತ್ರ ಎಂದರು, ತಟ್ಟೆಯ ಹೊದಿಕೆ ಎಂದವರೂ ಇದ್ದಾರೆ. ಅದು ಈಗ ಬ್ರಿಟನ್ನಿನ ಅರಮನೆಯ ಸಂಗ್ರಹದಲ್ಲಿದೆ.

ಆ ನೂಲು ಎಷ್ಟಿದ್ದೀತು? 78 ವರ್ಷದ ಮುದುಕ, ಹೊತ್ತಿ ಉರಿಯುತ್ತಿದ್ದ ದೆಹಲಿಯಲ್ಲಿ, ನಿರಾಶ್ರಿತರ ಶಿಬಿರಗಳಿಗೆ ಓಡಾಡುವುದರ ನಡುವೆ ದಿನದ ಯಾವುದೋ ಹೊತ್ತಿನಲ್ಲಿ ತೆಗೆದ ನೂಲು. ಅಂಗಡಿಯ ದಾರವಾದರೆ ಮುಗಿದೊಡನೆ ಇನ್ನೊಂದು ಉಂಡೆ ತರಬಹುದು. ಕೈನೂಲು ಹಾಗಲ್ಲ. ಇನ್ನೊಬ್ಬರ ಕೈಯ ನೂಲು ಅಷ್ಟೇ ದಪ್ಪ, ಅಷ್ಟೇ ಬಿಗಿ ಇರುವುದಿಲ್ಲ, ಸೇರಿಸಿದರೆ ಎದ್ದು ಕಾಣುತ್ತದೆ. ಎರಡೆಳೆ ಸೇರಿಸಿದರಂತೂ ಗಟ್ಟಿಯಾಗುತ್ತದೆ, ಉದ್ದ ಮಾತ್ರ ಅರ್ಧವಾಗುತ್ತದೆ.

ನೂಲು ಇಷ್ಟೇ ಎಂದಿರುವಾಗ ಶಾಲು ಹೆಣೆಯುವವರು ಅಳತೆಯಿಂದ ಕೆಲಸ ಶುರು ಮಾಡುತ್ತಾರೆ. ಮೊದಲು ಉಂಡೆಯನ್ನು ತೂಗುತ್ತಾರೆ. ಒಂದು ಮೂಲೆಯಿಂದ ನಾಲ್ಕಾರು ಕಣ್ಣುಗಳೊಂದಿಗೆ ಆರಂಭಿಸಿ, ಸಾಲು ಸಾಲಿಗೆ ಕಣ್ಣು ಹೆಚ್ಚಿಸುತ್ತಾ ಹೋಗಿ, ಮತ್ತೆ ಮತ್ತೆ ತೂಗುತ್ತಾರೆ. 50 ಗ್ರಾಂ ಉಂಡೆ 25 ಗ್ರಾಮಿಗೆ ಇಳಿಯುತ್ತಿದ್ದಂತೆ ಹೆಚ್ಚಿಸುವುದನ್ನು ನಿಲ್ಲಿಸಿ, ಅದೇ ಲೆಕ್ಕದಲ್ಲಿ ಕಣ್ಣು ಇಳಿಸುತ್ತಾ ಎದುರು ಮೂಲೆಗೆ ಬಂದು ಮುಗಿಸುತ್ತಾರೆ. ಕಿರಿದರಿಂದ ಹಿರಿದಕ್ಕೆ ಹೋಗಿ ಅಲ್ಲಿಯೇ ಮುಗಿಯುವ ಶಾಲಾದರೆ ಇನ್ನೂ ಎಚ್ಚರ ಬೇಕು. ಕೊನೆಯ ಸಾಲುಗಳೇ ಅತಿ ಉದ್ದವಾದವು, ಅಂಚು ಮುಚ್ಚಲು ಅಗಲದ ಮೂರು ನಾಲ್ಕು ಪಟ್ಟು ನೂಲು ಉಳಿದಿರಬೇಕು. ನಮ್ಮ ಮನೆಗಳಲ್ಲಿ ಕ್ರೋಶಾ ಸೂಜಿ ಹಿಡಿದು ನಮಾಜಿನ ಬಿಳಿ ಟೋಪಿ ಹೆಣೆಯುವ ತಾಯಂದಿರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟು ಕಡಿಮೆ ನೂಲಿನಲ್ಲಿ ಅಷ್ಟು ಅಗಲದ ಬಟ್ಟೆ ಆಗುವುದಾದರೂ ಹೇಗೆ? ಲೇಸಿನ ಗುಟ್ಟು ಅದರ ರಂಧ್ರಗಳಲ್ಲಿದೆ. ಬೇಕೆಂದೇ ನಡುನಡುವೆ ಜಾಗ ಬಿಟ್ಟು ಹೆಣೆಯುತ್ತಾರೆ. ಮುಗಿದಾಗ ಅದು ಮುದುಡಿದ ಚಿಂದಿಯಂತೆ ಕಾಣುತ್ತದೆ. ನೀರಿನಲ್ಲಿ ನೆನೆಸಿ, ಹಿಗ್ಗಿಸಿ, ಸುತ್ತಲೂ ಗುಂಡುಸೂಜಿ ಚುಚ್ಚಿ ಒಣಗಿಸಿದಾಗ ರಂಧ್ರಗಳು ತೆರೆದುಕೊಂಡು ವಿನ್ಯಾಸ ಕಾಣುತ್ತದೆ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಹೆಂಗಸರು ಮದುವೆಯ ಉಂಗುರದೊಳಗಿಂದ ತೂರಿಹೋಗುವಷ್ಟು ನವುರಾದ ದೊಡ್ಡ ಶಾಲುಗಳನ್ನು ಹೆಣೆದದ್ದು ಈ ರೀತಿಯಲ್ಲೇ. ಜಾಗ ಬಿಡದೆ ಬಿಗಿಯಾಗಿ ಹೆಣೆದರೆ ಅದೇ ನೂಲಿನಲ್ಲಿ ಒಂದು ಅಂಗೈಯಗಲದ ತುಂಡು ಮಾತ್ರ ಆದೀತು.

ಜಾಗ ಬಿಡದೆ ಹೆಣೆದರೆ ಏನಾಗುತ್ತದೆ ಎಂಬುದಕ್ಕೆ ಖಾದಿಯ ಇತಿಹಾಸದಲ್ಲೂ ಉದಾಹರಣೆಗಳಿವೆ. ಒಂದು ನಮ್ಮ ಬೆಳಗಾವಿಯದು. 1923ರ ಕಾಕಿನಾಡ ಕಾಂಗ್ರೆಸ್ಸಿಗೆ ಮೌಲಾನಾ ಮುಹಮ್ಮದ್ ಅಲಿ ಅಧ್ಯಕ್ಷರಾಗಿದ್ದರು. ಅವರ ನಂತರ 1924ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಅಧ್ಯಕ್ಷತೆ ವಹಿಸಿದವರು ಗಾಂಧೀಜಿ. ಅಲಿ ಸೋದರರ ತಾಯಿ, ಇಳಿವಯಸ್ಸಿನಲ್ಲಿ ಖಾದಿ ಧರಿಸಿ ಊರೂರು ತಿರುಗಿ ಖಾದಿಯ ಪ್ರಚಾರ ಮಾಡಿದ 'ಬೀ ಅಮ್ಮಾ' ಆಬಾದಿ ಬಾನು ಬೇಗಂ ತೀರಿಕೊಂಡು ಆಗ ಸುಮಾರು ಒಂದೂವರೆ ತಿಂಗಳಾಗಿತ್ತಷ್ಟೆ. ಕಾಂಗ್ರೆಸ್ ಸದಸ್ಯರಾಗಲು ನಾಲ್ಕಾಣೆಯ ಬದಲು ತಿಂಗಳಿಗೆ 2000 ಗಜ ನೂಲು ಕೊಡಬೇಕೆಂಬ ನಿಯಮವನ್ನು ಬೆಳಗಾವಿ ಒಪ್ಪಿತು. ತಾನೇ ನೂಲದವರು ಬೇರೆಯವರಿಂದ ಪಡೆದು ಕೊಡಬಹುದಿತ್ತು. ನಿಯಮ ನಡೆಯಲಿಲ್ಲ. ಮರುವರ್ಷವೇ ನಾಲ್ಕಾಣೆಯೋ ನೂಲೋ ಯಾವುದಾದರೊಂದು ಸಾಕು ಎಂದು ಸಡಿಲಿಸಬೇಕಾಯಿತು. ಖಾದಿಗಾಗಿ ಅಖಿಲ ಭಾರತ ಚರಕ ಸಂಘ ಪ್ರತ್ಯೇಕವಾಗಿ ಹುಟ್ಟಿದ್ದು ಆಗಲೇ. ಬೀ ಅಮ್ಮಾ ಮನಸ್ಸಿನಿಂದ ಮಾಡಿದ್ದನ್ನು ನಿಯಮದಿಂದ ಮಾಡಿಸಲು ಆಗಲಿಲ್ಲ.

ಇನ್ನೊಂದು ಉದಾಹರಣೆ ಈಸೂರಿನದು. ಅದರ ಬೆಲೆ ಬಹಳ ದೊಡ್ಡದು. ಕ್ವಿಟ್ ಇಂಡಿಯಾ ಕರೆ ಬಂದಾಗ ಈಸೂರಿನವರು ಕಂದಾಯ ಕೊಡುವುದಿಲ್ಲ ಎಂದರು. ಊರು ಸ್ವತಂತ್ರವಾಗಿದೆ ಎಂದು ಸಾರಿ ವೀರಭದ್ರೇಶ್ವರ ದೇವಸ್ಥಾನದ ಮೇಲೆ ಧ್ವಜ ಹಾರಿಸಿದರು. ಸಾಹುಕಾರ್ ಬಸವಣ್ಣೆಪ್ಪನವರ ಮುಂದಾಳತ್ವದಲ್ಲಿ ತಮ್ಮದೇ ಸರ್ಕಾರ ರಚಿಸಿ, ಜಯಣ್ಣ ಎಂಬ ಹುಡುಗನನ್ನು ಅಮಲ್ದಾರನೆಂದೂ ಮಲ್ಲಪ್ಪಯ್ಯ ಎಂಬ ಹುಡುಗನನ್ನು ಸಬ್ ಇನ್ಸ್‌ಪೆಕ್ಟರ್ ಎಂದೂ ನೇಮಿಸಿದರು. ಊರಿಗೆ ಬರುವವರು ಖಾದಿ ಟೋಪಿ ಧರಿಸಿಯೇ ಬರಬೇಕೆಂಬುದು ಅವರ ಪಟ್ಟು.

1942ರ ಸೆಪ್ಟೆಂಬರ್ 28ರಂದು ಅಮಲ್ದಾರ್ ಚನ್ನಕೃಷ್ಣಪ್ಪ ಮತ್ತು ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡರು ಪೊಲೀಸರೊಂದಿಗೆ ಬಂದರು. ಟೋಪಿ ಹಾಕಿಕೊಳ್ಳಿ ಎಂಬ ಒತ್ತಾಯಕ್ಕೆ ಅವರು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. ಲಾಠಿ ಬೀಸಿತು, ಗುಂಡು ಹಾರಿತು. ರೊಚ್ಚಿಗೆದ್ದ ಜನರ ಕೈಯಲ್ಲಿ ಆ ಇಬ್ಬರೂ ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಅನಂತರ ಸೈನ್ಯ ಊರಿಗೆ ನುಗ್ಗಿತು, ಜನ ಕಾಡು ಸೇರಿದರು, ಹೆಂಗಸರೂ ಸೆರೆಮನೆಗೆ ಹೋದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ, ಈ ಐವರನ್ನು 1943ರ ಮಾರ್ಚ್ 8, 9 ಮತ್ತು 10ರಂದು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು.

ಈ ಐವರ ತ್ಯಾಗದ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ಜನರ ಮೇಲೆ ಆಳ್ವಿಕೆ ಹೇರಿದವರು ಯಾರು, ಬಂದೂಕು ಹಿಡಿದವರು ಯಾರು ಎಂಬುದನ್ನೂ ಮರೆಯಬಾರದು. ಆದರೂ ಸತ್ತ ಇಬ್ಬರು ಅಧಿಕಾರಿಗಳೂ ಕನ್ನಡದ ಮನೆಗಳ ಮಕ್ಕಳೇ. ಕಾಶ್ಮೀರಿ ಟೋಪಿಯನ್ನು ಕಂಡು ಗಾಂಧೀಜಿ ರೂಪಿಸಿದ, ಬಡವರೂ ಹೊಲಿಸಿಕೊಳ್ಳಲೆಂದು ಆರಿಸಿದ ಟೋಪಿ ಅದು. ತಾನಾಗಿ ಧರಿಸಿದಾಗ ಅದು ಸ್ವಾತಂತ್ರ್ಯದ ಗುರುತಾಗಿತ್ತು. ಒಲ್ಲದವನ ತಲೆಯ ಮೇಲೆ ಇಡಹೊರಟಾಗ ಅದಕ್ಕೆ ಆ ಅರ್ಥ ಉಳಿಯಲಿಲ್ಲ.

ಆದ್ದರಿಂದಲೇ ದೆಹಲಿಯ ಆ ಲೇಸು ನಮಗೆ ಮುಖ್ಯವಾಗಿ ಕಾಣುತ್ತದೆ. ಅದೂ ಕೈನೂಲಿನದೇ, ಅದರಲ್ಲೂ ದೇಶದ ಘೋಷಣೆ ಇತ್ತು. ಆದರೆ ಅದನ್ನು ಯಾರ ಮೇಲೂ ಹೇರಲಿಲ್ಲ. ಪಂಜಾಬ್ ಇಬ್ಭಾಗವಾಗಿ ರಕ್ತ ಹರಿದ ವರ್ಷ, ಪಂಜಾಬಿನ ಒಬ್ಬ ಹುಡುಗಿ ಕೂತು ಕಣ್ಣು ಎಣಿಸಿ ಹೆಣೆದದ್ದು ಅದು. ಅದನ್ನು ಕಳಿಸಿದ ಸುಮಾರು ಎರಡು ತಿಂಗಳ ಬಳಿಕ, 1948ರ ಜನವರಿ 13ರಂದು, ಗಾಂಧೀಜಿ ದೆಹಲಿಯ ಮುಸ್ಲಿಮರ ರಕ್ಷಣೆಗಾಗಿ ಉಪವಾಸ ಕೂತರು. ಮೆಹ್ರೌಲಿಯಲ್ಲಿ ಖ್ವಾಜಾ ಕುತ್ಬುದ್ದೀನ್ ಬಖ್ತಿಯಾರ್ ಕಾಕಿಯವರ ಉರೂಸ್ ಎಂದಿನಂತೆ ನಡೆಯಬೇಕೆಂಬುದೂ ಅವರ ಷರತ್ತುಗಳಲ್ಲೊಂದು. ಜನವರಿ 27ರಂದು ಆ ಉರೂಸಿಗೆ ಅವರೇ ಹೋದರು. ಮೂರು ದಿನಗಳ ನಂತರ ಅವರನ್ನು ಕೊಲ್ಲಲಾಯಿತು.

ತಲೆಯ ಮೇಲಿನ ಬಟ್ಟೆಯ ಜಗಳ ಇನ್ನೂ ಮುಗಿದಿಲ್ಲ. 2022ರಲ್ಲಿ ನಮ್ಮ ರಾಜ್ಯದ ಕಾಲೇಜು ಬಾಗಿಲುಗಳಲ್ಲಿ ಹುಡುಗಿಯರು ಶಿರವಸ್ತ್ರ ತೆಗೆಯಬೇಕೆಂಬ ಒತ್ತಾಯಕ್ಕೆ ಒಳಗಾದರು. ಮಾರ್ಚ್ 15ರಂದು ಹೈಕೋರ್ಟ್ ನಿರ್ಬಂಧವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅದೇ ಸೆಪ್ಟೆಂಬರ್‌ನಲ್ಲಿ ಇರಾನಿನಲ್ಲಿ, ಶಿರವಸ್ತ್ರ ಸರಿಯಾಗಿ ಧರಿಸಿಲ್ಲವೆಂದು ಪೊಲೀಸರು ಹಿಡಿದೊಯ್ದ ಮಹ್ಸಾ ಅಮೀನಿ ಎಂಬ ಯುವತಿ ಅವರ ವಶದಲ್ಲಿದ್ದಾಗಲೇ ಅಸುನೀಗಿದಳು. ತೆಗೆ ಎನ್ನುವವರನ್ನು ಟೀಕಿಸುವ ನಾವು ಹಾಕು ಎನ್ನುವವರ ಮುಂದೆ ಸುಮ್ಮನಿದ್ದರೆ ನಮ್ಮ ಮಾತಿಗೆ ಬೆಲೆ ಇರದು.

ಕನ್ನಡದಲ್ಲಿ ಲೇಸು ಎಂದರೆ ಒಳ್ಳೆಯದು ಎಂದೂ ಅರ್ಥ. ನಮ್ಮೆಲ್ಲರ ಪಾಲಿಗೆ ಬಂದಿರುವ ನೂಲು ಅಷ್ಟಿಷ್ಟೇ. ಅದರಲ್ಲಿ ಎಲ್ಲರನ್ನೂ ಹೊದೆಸುವ ಶಾಲು ಆಗಬೇಕಾದರೆ ನಡುವೆ ಜಾಗ ಬಿಟ್ಟು ಹೆಣೆಯುವುದನ್ನು ನಾವು ಕಲಿಯಬೇಕಾಗಿದೆ.