ಹಿಮ್ಮಡಿಯ ಒಂದು ಹನಿ ರಕ್ತ

ಹುಟ್ಟಿದ ಮಗು ನೋಡಲು ಆರೋಗ್ಯವಾಗಿದ್ದರೂ ಅದರ ರಕ್ತದಲ್ಲಿ ದೋಷ ಅಡಗಿರಬಹುದು. ಅದನ್ನು ಹುಡುಕುವ ದೊಡ್ಡ ಪ್ರಮಾಣದ ಪ್ರಯತ್ನ ಭಾರತದಲ್ಲಿ ಮೊದಲು ನಡೆದದ್ದು ಕರ್ನಾಟಕದಲ್ಲಿ. 1980ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಇದನ್ನು ಆರಂಭಿಸಿದರು. ಆ ದಶಕ ಮುಗಿಯುವ ಮೊದಲೇ ಸುಮಾರು ಒಂದು ಲಕ್ಷ ಶಿಶುಗಳ ರಕ್ತದಲ್ಲಿನ ಅಮೈನೋ ಆಮ್ಲಗಳ ಪರೀಕ್ಷೆ ನಡೆದಿತ್ತು.

ಇದರ ಹಿಂದಿನ ಉಪಾಯ ಅಮೆರಿಕದ ಬಫೆಲೋ ನಗರದ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಗಥ್ರಿಯವರದು. ಫೀನೈಲ್‌ಕೀಟೋನೂರಿಯ ಎಂಬ ರೋಗವನ್ನು ನಾರ್ವೆಯ ಫೋಲಿಂಗ್ 1934ರಲ್ಲೇ ಗುರುತಿಸಿದ್ದರು. ಒಂದು ಕಿಣ್ವದ ಕೊರತೆಯಿಂದ ಫೀನೈಲ್ ಅಲನೀನ್ ರಕ್ತದಲ್ಲಿ ಶೇಖರವಾಗಿ ಮಗುವಿನ ಮಿದುಳು ಹಾಳಾಗುತ್ತದೆ. ಆಹಾರದಲ್ಲಿ ಅದನ್ನು ಮಿತಗೊಳಿಸಿದರೆ ಹಾನಿ ತಪ್ಪಿಸಬಹುದೆಂದು 1950ರ ದಶಕದಲ್ಲಿ ತಿಳಿಯಿತು. ಆದರೆ ಲಕ್ಷಣ ಕಾಣುವ ಹೊತ್ತಿಗೆ ಕಾಲ ಮೀರಿರುತ್ತಿತ್ತು. ಗಥ್ರಿಯವರ ನಾದಿನಿಯ ಮಗಳಿಗೂ ಹೀಗೇ ಆಯಿತು. 1960ರ ದಶಕದ ಆರಂಭದಲ್ಲಿ ಅವರು ಶಿಶುವಿನ ಹಿಮ್ಮಡಿ ಚುಚ್ಚಿ ಬಂದ ರಕ್ತವನ್ನು ಫಿಲ್ಟರ್ ಕಾಗದದಲ್ಲಿ ಒಣಗಿಸಿ, ಆ ಬಿಲ್ಲೆಯನ್ನು ಬ್ಯಾಕ್ಟೀರಿಯಾಗಳ ತಟ್ಟೆಯ ಮೇಲಿಟ್ಟರು. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ರಾಸಾಯನಿಕವಿರುತ್ತದೆ. ರಕ್ತದಲ್ಲಿ ಫೀನೈಲ್ ಅಲನೀನ್ ಹೆಚ್ಚಿದ್ದರೆ ಮಾತ್ರ ಆ ತಡೆ ಮುರಿದು ಬಿಲ್ಲೆಯ ಸುತ್ತ ಬೆಳವಣಿಗೆ ಕಾಣುತ್ತದೆ.

ಬ್ಯಾಕ್ಟೀರಿಯಾ ತಟ್ಟೆಗಿಂತ ಆ ಕಾಗದವೇ ದೊಡ್ಡ ಆವಿಷ್ಕಾರವೆಂದು ನನ್ನ ಅಭಿಪ್ರಾಯ. ಒಣಗಿದ ರಕ್ತ ಬೇಗ ಕೆಡದು, ಶೀಶೆಯೂ ಬೇಡ, ಅಂಚೆಯಲ್ಲಿ ಕಳಿಸಬಹುದು. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಮಹಾಲಕ್ಷ್ಮಿಯ ದರ್ಶನಕ್ಕೆಂದು ಬೆಂಗಳೂರಿನಿಂದ ಜನ ಬರುವ ಅದೇ ದಾರಿಯಲ್ಲಿ, ಆ ಊರಿನ ಮಗುವಿನ ರಕ್ತದ ಕಲೆ ಬೆಂಗಳೂರಿಗೆ ಹೋಗಿ ತಲುಪಬಲ್ಲದು.

ಬೆಂಗಳೂರು ತಂಡಕ್ಕೆ ಸಿಕ್ಕ ಫಲಿತಾಂಶ ಪಾಶ್ಚಾತ್ಯ ಪಠ್ಯಪುಸ್ತಕದಂತೆ ಇರಲಿಲ್ಲ. ಫೀನೈಲ್ ಅಲನೀನ್ ಹೆಚ್ಚಳದ ಜೊತೆಗೆ ಟೈರೋಸಿನ್ ಹೆಚ್ಚಳವೂ, ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ ಬರಿಸುವ ಮೇಪಲ್ ಸಿರಪ್ ರೋಗವೂ ಕಂಡುಬಂದವು. ತಂಡ ಇದೇ ಸಂದರ್ಭದಲ್ಲಿ ತಂದೆತಾಯಿಯರ ರಕ್ತಸಂಬಂಧವನ್ನೂ ದಾಖಲಿಸಿತು. ಸುಮಾರು ಮೂರನೇ ಒಂದರಷ್ಟು ಮದುವೆಗಳು ಸಂಬಂಧದೊಳಗಿನವು. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ, ಯಾವುದೇ ಒಂದು ಜೀನ್ ಜೋಡಿ ಒಂದೇ ಪೂರ್ವಜನಿಂದ ಎರಡು ದಾರಿಯಲ್ಲಿ ಮಗುವಿಗೆ ಬರುವ ಸಂಭವನೀಯತೆ 1/8. ಸೋದರತ್ತೆ ಅಥವಾ ಸೋದರಮಾವನ ಮಕ್ಕಳಾದರೆ 1/16. ತಂದೆತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದರೆ ಮಾತ್ರ ಕಾಣಿಸಿಕೊಳ್ಳುವ ಇಂಥ ರೋಗಗಳಿಗೆ ಈ ಲೆಕ್ಕ ಮುಖ್ಯ. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರೇ ಎಂಬುದನ್ನೂ ಹೇಳಬೇಕು.

ಆದರೆ ನಮ್ಮಲ್ಲಿ ಹೆಚ್ಚಾಗಿ ಕಾಣುವ, ಸುಲಭವಾಗಿ ಚಿಕಿತ್ಸೆಯಾಗುವ ದೋಷ ಬೇರೆ: ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿರುವುದು. ಅದು ಅಮೈನೋ ಆಮ್ಲದ ಪರೀಕ್ಷೆಯಲ್ಲಿ ಸಿಗದು. ಇಲ್ಲಿ ನೆರವಾದದ್ದು ಭೌತವಿಜ್ಞಾನ. ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ರೊಸಾಲಿನ್ ಯಾಲೋ, ಬರ್ಸನ್ ಜೊತೆಗೂಡಿ, ವಿಕಿರಣಶೀಲ ಅಯೋಡಿನ್ ಬಳಸಿ ಅತ್ಯಲ್ಪ ಹಾರ್ಮೋನನ್ನೂ ಅಳೆಯುವ ವಿಧಾನ ರೂಪಿಸಿದರು. ಇದಕ್ಕಾಗಿ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. 1970ರ ದಶಕದಲ್ಲಿ ಕೆನಡಾದ ಡುಸ್ಸೋ ಅದೇ ವಿಧಾನವನ್ನು ಒಣಗಿದ ರಕ್ತದ ಕಲೆಗೆ ಅಳವಡಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ದೋಷ 1,130 ಶಿಶುಗಳಲ್ಲಿ ಒಂದಕ್ಕೆ ಇತ್ತು. ಮೊದಲ ಎರಡು ವಾರಗಳೊಳಗೆ ಥೈರಾಕ್ಸಿನ್ ಮಾತ್ರೆ ಶುರುಮಾಡಿದರೆ ಮಗು ಸಾಮಾನ್ಯವಾಗಿ ಬೆಳೆಯುತ್ತದೆ; ತಡವಾದಷ್ಟೂ ಬುದ್ಧಿ ಮಂದವಾಗುತ್ತದೆ. ಮಾತ್ರೆಯ ಬೆಲೆ ಅತ್ಯಲ್ಪ. 1990ರ ದಶಕದಿಂದ ಬಳಕೆಗೆ ಬಂದ ಜೋಡಿ ರಾಶಿರೋಹಿತಮಾಪಕಗಳಲ್ಲಿ ಅಣುಗಳನ್ನು ಒಡೆದು ತೂಗಿ, ಒಂದೇ ಕಲೆಯಿಂದ ಹತ್ತಾರು ರೋಗಗಳನ್ನು ಪತ್ತೆ ಮಾಡಬಹುದು. ನಮ್ಮಂಥ ದೇಶಕ್ಕೆ ಮೊದಲು ಬೇಕಾದದ್ದು ಅದಲ್ಲ, ಥೈರಾಯ್ಡ್ ಪರೀಕ್ಷೆ.

ಹುಟ್ಟಿದ ಮಗುವಿಗೆ ಕೊಡುವ ಬೇರೆ ಔಷಧಗಳು ಹಳ್ಳಿಯವರೆಗೆ ತಲುಪಿವೆ. ರಕ್ತಸ್ರಾವ ತಡೆಯಲು ವಿಟಮಿನ್ ಕೆ ಚುಚ್ಚುಮದ್ದು, ಬಿಸಿಜಿ, ಪೋಲಿಯೋ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಸರ್ಕಾರಿ ಹೆರಿಗೆಯ ಭಾಗವಾಗಿವೆ. ಹುಟ್ಟಿನಿಂದ ಬಂದ ದೋಷಗಳನ್ನು ಗುರುತಿಸಲು 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. 2008ರಲ್ಲೇ ಗೋವಾ ರಾಜ್ಯಮಟ್ಟದ ರಕ್ತಪರೀಕ್ಷೆ ಆರಂಭಿಸಿತ್ತು. ಆದರೂ ದೇಶದ ಪ್ರತಿ ಶಿಶುವಿಗೂ ಹಿಮ್ಮಡಿಯ ಹನಿಯ ಪರೀಕ್ಷೆ ಇನ್ನೂ ದಕ್ಕಿಲ್ಲ.

ಚುಚ್ಚುಮದ್ದು ಕೊಟ್ಟಲ್ಲಿಗೆ ಕೆಲಸ ಮುಗಿಯುತ್ತದೆ; ಪರೀಕ್ಷೆಯಲ್ಲಿ ಕೆಲಸ ಶುರುವಾಗುವುದೇ ಫಲಿತಾಂಶ ಬಂದ ಮೇಲೆ. ಹುಟ್ಟಿದ ಕೂಡಲೇ ಥೈರಾಯ್ಡ್ ಪ್ರಚೋದಕ ಹಾರ್ಮೋನು ಏರುವುದರಿಂದ ರಕ್ತವನ್ನು ಎರಡನೆಯ ದಿನ ಕಳೆದು ತೆಗೆಯುವುದು ಉತ್ತಮ; ಅಷ್ಟರಲ್ಲಿ ಎಷ್ಟೋ ತಾಯಂದಿರು ಮನೆಗೆ ಹೊರಟಿರುತ್ತಾರೆ. ಯಾವ ಮನೆಗೆ? ಚೊಚ್ಚಲ ಹೆರಿಗೆ ನಮ್ಮಲ್ಲಿ ತವರಿನಲ್ಲಿ. ಬಾಣಂತಿ ತಿಂಗಳುಗಟ್ಟಲೆ ಅಲ್ಲೇ ಇರುತ್ತಾಳೆ, ಆಸ್ಪತ್ರೆಯ ಚೀಟಿಯಲ್ಲಿ ಗಂಡನ ಮನೆಯ ವಿಳಾಸವಿರುತ್ತದೆ. ಎರಡು ವಾರದ ಗಡುವಿರುವ ಫಲಿತಾಂಶ ಮಧುಗಿರಿಗೆ ಹೋಗಿ, ಮಗು ಪಾವಗಡದಲ್ಲಿದ್ದರೆ ಪರೀಕ್ಷೆ ಮಾಡಿ ಏನು ಬಂತು? ರಕ್ತದ ಕಾಗದದ ಮೇಲೆ ತವರಿನ ವಿಳಾಸ, ಒಂದು ದೂರವಾಣಿ ಸಂಖ್ಯೆ, ಆ ಊರಿನ ಆಶಾ ಕಾರ್ಯಕರ್ತೆಯ ಹೆಸರು, ಈ ಮೂರಕ್ಕೂ ಜಾಗವಿರಬೇಕು.