ಪೇಟೆಂಟ್ ಪ್ಯಾರಾಲೀಗಲ್: ಅನುಭವವಿಲ್ಲದವರಿಗೂ ಉಂಟು ಪ್ರವೇಶದ ದಾರಿ

ಕಾನೂನು ಪದವಿ ಇಲ್ಲ, ವಕೀಲರ ಕಚೇರಿಯಲ್ಲಿ ದುಡಿದ ಅನುಭವವೂ ಇಲ್ಲ. ಇಂಥವರಿಗೆ ಕಾನೂನು ಕ್ಷೇತ್ರದ ಬಾಗಿಲು ಮುಚ್ಚಿದೆ ಎಂಬುದು ಸಾಮಾನ್ಯ ನಂಬಿಕೆ. ಬೌದ್ಧಿಕ ಆಸ್ತಿ ವಿಭಾಗದ ಪ್ಯಾರಾಲೀಗಲ್ ವೃತ್ತಿ ಈ ನಂಬಿಕೆಗೆ ಅಪವಾದ. ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಕಡತಗಳನ್ನು ಸಿದ್ಧಪಡಿಸಿ, ಅವುಗಳ ಗಡುವನ್ನು ಕಾಯುವುದೇ ಇಲ್ಲಿನ ಮುಖ್ಯ ಕೆಲಸ. ಸಂಶೋಧನಾ ಕೇಂದ್ರಗಳು, ಬೌದ್ಧಿಕ ಆಸ್ತಿ ಕಾನೂನು ಸಂಸ್ಥೆಗಳು ಹಾಗೂ ವಿದೇಶಿ ಕಕ್ಷಿದಾರರ ಕೆಲಸ ಮಾಡಿಕೊಡುವ ಹೊರಗುತ್ತಿಗೆ ಕಂಪನಿಗಳು ನೆಲೆಗೊಂಡಿರುವ ಬೆಂಗಳೂರಿನಲ್ಲಿ ಈ ವೃತ್ತಿಗೆ ಸಹಜವಾಗಿಯೇ ಅವಕಾಶವಿದೆ.

ಪರವಾನಗಿ ಬೇಕೇ?

ಭಾರತದಲ್ಲಿ ಪ್ಯಾರಾಲೀಗಲ್ ವೃತ್ತಿಗೆ ಪ್ರತ್ಯೇಕ ಪರವಾನಗಿ ಇಲ್ಲ. 1961ರ ವಕೀಲರ ಕಾಯ್ದೆಯ ಪ್ರಕಾರ ಕಾನೂನು ವೃತ್ತಿ ನಡೆಸುವ ಹಕ್ಕು ವಕೀಲರಿಗೆ ಮಾತ್ರ ಸೇರಿದ್ದು. ಪೇಟೆಂಟ್ ಕಚೇರಿಯ ಮುಂದೆ ಅರ್ಜಿದಾರರ ಪರವಾಗಿ ವ್ಯವಹರಿಸಲು ನೋಂದಾಯಿತ ಪೇಟೆಂಟ್ ಏಜೆಂಟ್ ಆಗಿರಬೇಕು. ನೋಂದಣಿ ಇಲ್ಲದೆ ಏಜೆಂಟ್ ಎಂದು ಹೇಳಿಕೊಳ್ಳುವುದು ದಂಡಾರ್ಹ. ಪ್ಯಾರಾಲೀಗಲ್ ಇವರಿಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಸಹಾಯಕ. ಕಕ್ಷಿದಾರರಿಗೆ ಕಾನೂನು ಸಲಹೆ ನೀಡುವಂತಿಲ್ಲ, ವಾದ ಮಂಡಿಸುವಂತಿಲ್ಲ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ನೇಮಿಸುವ ಅರೆ ಕಾನೂನು ಸ್ವಯಂಸೇವಕರಿಗೂ ಈ ಹುದ್ದೆಗೂ ಸಂಬಂಧವಿಲ್ಲ. ಅದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ರೂಪಿಸಿದ, ಗೌರವಧನ ಆಧರಿತ ಸೇವಾ ಯೋಜನೆ.

ಪರವಾನಗಿಯೇ ಇಲ್ಲದ ಮೇಲೆ ಯಾವುದೇ ಸಂಸ್ಥೆ ನೀಡುವ ಪ್ರಮಾಣಪತ್ರ ಕಡ್ಡಾಯವೂ ಅಲ್ಲ. ಉದ್ಯೋಗ ಖಾತರಿಯ ಜಾಹೀರಾತು ನಂಬಿ ದುಬಾರಿ ಶುಲ್ಕ ಕಟ್ಟುವ ಮುನ್ನ ಅಭ್ಯರ್ಥಿಗಳು ಈ ಅಂಶವನ್ನು ಗಮನಿಸಬೇಕು.

ದಿನಾಂಕವೇ ಜೀವಾಳ

ಹೊಸಬರಿಗೆ ಸಾಮಾನ್ಯವಾಗಿ ಮೊದಲು ದೊರೆಯುವ ಕೆಲಸ ಡಾಕೆಟಿಂಗ್. ಅಂದರೆ ಪ್ರತಿ ಕಡತದಲ್ಲಿ ಮುಂದೆ ಏನು ಆಗಬೇಕು, ಯಾವ ದಿನದೊಳಗೆ ಆಗಬೇಕು ಎಂಬುದನ್ನು ದಾಖಲಿಸಿ, ಸಕಾಲದಲ್ಲಿ ವಕೀಲರನ್ನೂ ಕಕ್ಷಿದಾರರನ್ನೂ ಎಚ್ಚರಿಸುವುದು. ಕೇಳಲು ಗುಮಾಸ್ತಿಕೆಯಂತೆ ತೋರಿದರೂ ಸಂಶೋಧಕನೊಬ್ಬನ ವರ್ಷಗಳ ಶ್ರಮ ಈ ದಾಖಲೆಯ ಮೇಲೆ ನಿಂತಿರುತ್ತದೆ.

ಒಂದು ಉದಾಹರಣೆ: 2025ರ ಜೂನ್ 10ರಂದು ತಾತ್ಕಾಲಿಕ ವಿವರಣೆಯೊಂದಿಗೆ ಪೇಟೆಂಟ್ ಅರ್ಜಿ ಸಲ್ಲಿಕೆಯಾಗಿದೆ ಎಂದುಕೊಳ್ಳೋಣ. ಆಗ ಗಡುವುಗಳ ಲೆಕ್ಕ ಹೀಗಿರುತ್ತದೆ:

* ಸಂಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳು, ಅಂದರೆ 2026ರ ಜೂನ್ 10. ತಪ್ಪಿದರೆ ಅರ್ಜಿಯನ್ನು ಕೈಬಿಟ್ಟಂತೆ ಪರಿಗಣಿಸಲಾಗುತ್ತದೆ.

* ಇದೇ ಆದ್ಯತಾ ದಿನಾಂಕದ ಆಧಾರದ ಮೇಲೆ ವಿದೇಶದಲ್ಲಿ ಅಥವಾ ಪಿಸಿಟಿ ಒಪ್ಪಂದದಡಿ ಅಂತರರಾಷ್ಟ್ರೀಯ ಅರ್ಜಿ ಸಲ್ಲಿಸಲೂ 12 ತಿಂಗಳು. ಭಾರತದ ನಿವಾಸಿಯ ಆವಿಷ್ಕಾರವಾದರೆ ಮೊದಲು ಇಲ್ಲಿ ಅರ್ಜಿ ಸಲ್ಲಿಸಿ 6 ವಾರ ಕಾಯಬೇಕು, ಇಲ್ಲವೇ ಪೇಟೆಂಟ್ ಕಚೇರಿಯ ಅನುಮತಿ ಪಡೆಯಬೇಕು.

* 18 ತಿಂಗಳು, ಅಂದರೆ 2026ರ ಡಿಸೆಂಬರ್ 10 ಕಳೆದ ಬಳಿಕ ಅರ್ಜಿ ಪೇಟೆಂಟ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ.

* ಪರಿಶೀಲನೆ ಕೋರಿ ಮನವಿ ಸಲ್ಲಿಸಲು 31 ತಿಂಗಳು, ಅಂದರೆ 2028ರ ಜನವರಿ 10. ಮನವಿ ಸಲ್ಲಿಸದಿದ್ದರೆ ಅರ್ಜಿಯನ್ನು ಹಿಂಪಡೆದಂತೆ ಭಾವಿಸಲಾಗುತ್ತದೆ.

* ಮೊದಲ ಪರಿಶೀಲನಾ ವರದಿ ಬಂದ ಮೇಲೆ ಉತ್ತರಿಸಲು 6 ತಿಂಗಳು. ಶುಲ್ಕ ತೆತ್ತು ಇನ್ನೂ 3 ತಿಂಗಳು ಪಡೆಯಬಹುದು.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಪರಿಶೀಲನೆ ಕೋರುವ ಅವಧಿ ಮೊದಲು 48 ತಿಂಗಳಿತ್ತು. 2024ರ ಮಾರ್ಚ್ 15ರಂದು ಜಾರಿಗೆ ಬಂದ ತಿದ್ದುಪಡಿ ನಿಯಮಗಳು ಅದನ್ನು 31 ತಿಂಗಳಿಗೆ ಇಳಿಸಿದವು. ಅದಕ್ಕೂ ಮೊದಲು ಸಲ್ಲಿಕೆಯಾದ ಅರ್ಜಿಗಳಿಗೆ ಹಳೆಯ ಅವಧಿಯೇ ಅನ್ವಯ. ಒಂದೇ ಕಪಾಟಿನ ಎರಡು ಕಡತಗಳಿಗೆ ಎರಡು ಲೆಕ್ಕ. ಹಳೆಯ ಪುಸ್ತಕ ಓದಿ ಬಂದವರು ತಪ್ಪು ದಿನಾಂಕ ಬರೆಯುವ ಸಾಧ್ಯತೆ ಇರುವುದು ಇಲ್ಲಿಯೇ. ತಡವಾದುದನ್ನು ಮನ್ನಿಸುವ ಅವಕಾಶ ಸೀಮಿತ, ಅದಕ್ಕೆ ಹೆಚ್ಚುವರಿ ಶುಲ್ಕವೂ ಉಂಟು.

ವಿದೇಶಿ ಕಡತಗಳಲ್ಲಿ ಲೆಕ್ಕವೇ ಬೇರೆ. ಅಮೆರಿಕದಲ್ಲಿ ಪೇಟೆಂಟ್ ಮಂಜೂರಾದ ನಂತರ ಮೂರೂವರೆ, ಏಳೂವರೆ ಮತ್ತು ಹನ್ನೊಂದೂವರೆ ವರ್ಷಗಳಿಗೆ ನಿರ್ವಹಣಾ ಶುಲ್ಕ ಕಟ್ಟಬೇಕು. ಭಾರತದಲ್ಲಿ 20 ವರ್ಷಗಳ ಅವಧಿಯ ಪೈಕಿ ಮೂರನೇ ವರ್ಷದಿಂದ ವಾರ್ಷಿಕ ನವೀಕರಣ ಶುಲ್ಕ ಅನ್ವಯಿಸುತ್ತದೆ.

ಮನೆಯಲ್ಲೇ ಗಳಿಸುವ ಅನುಭವ

ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ತೊಡಕನ್ನು ಈ ಕ್ಷೇತ್ರದಲ್ಲಿ ಬಿಡಿಸಿಕೊಳ್ಳಬಹುದು. ಇದಕ್ಕೆ ಕಾರಣ, ಪ್ರಕಟವಾದ ಕಡತಗಳು ಸಾರ್ವಜನಿಕರಿಗೆ ಮುಕ್ತವಾಗಿವೆ. ಭಾರತೀಯ ಪೇಟೆಂಟ್ ಕಚೇರಿಯ 'ಇನ್‌ಪಾಸ್' ಶೋಧ ವ್ಯವಸ್ಥೆಯಲ್ಲಿ ಅರ್ಜಿ, ಪರಿಶೀಲನಾ ವರದಿ, ಅದಕ್ಕೆ ನೀಡಿದ ಉತ್ತರ ಇವೆಲ್ಲವನ್ನೂ ಉಚಿತವಾಗಿ ಓದಬಹುದು. ಪೇಟೆಂಟ್ ಜರ್ನಲ್ ಪ್ರತಿ ಶುಕ್ರವಾರ, ಟ್ರೇಡ್‌ಮಾರ್ಕ್ ಜರ್ನಲ್ ಪ್ರತಿ ಸೋಮವಾರ ಪ್ರಕಟವಾಗುತ್ತವೆ.

ಅಭ್ಯರ್ಥಿಯು ತನಗೆ ಪರಿಚಿತವಾದ ವಿಷಯದ ಮೂರು ನಾಲ್ಕು ಅರ್ಜಿಗಳನ್ನು ಆಯ್ದುಕೊಳ್ಳಲಿ. ಪ್ರತಿಯೊಂದರ ಆದ್ಯತಾ ದಿನಾಂಕ, ಸಲ್ಲಿಕೆಯಾದ ನಮೂನೆಗಳು, ವರದಿಯ ದಿನಾಂಕ ಮತ್ತು ಉತ್ತರದ ಗಡುವನ್ನು ಎಕ್ಸೆಲ್ ಪಟ್ಟಿಯಲ್ಲಿ ಬರೆಯಲಿ. ಪ್ರತಿ ಗಡುವಿನ ಎದುರು ಅದಕ್ಕೆ ಆಧಾರವಾದ ಕಲಮು ಅಥವಾ ನಿಯಮವನ್ನು ನಮೂದಿಸಲಿ. ನಮೂನೆ 1 ಅರ್ಜಿ, ನಮೂನೆ 2 ವಿವರಣೆ, ನಮೂನೆ 3 ವಿದೇಶಿ ಅರ್ಜಿಗಳ ಮಾಹಿತಿ, ನಮೂನೆ 5 ಆವಿಷ್ಕಾರಕರ ಘೋಷಣೆ, ನಮೂನೆ 18 ಪರಿಶೀಲನೆಯ ಮನವಿ, ನಮೂನೆ 26 ಏಜೆಂಟರಿಗೆ ನೀಡುವ ಅಧಿಕಾರಪತ್ರ. ಇಷ್ಟು ತಿಳಿದು, ಇಂಥ ಪಟ್ಟಿಯೊಂದನ್ನು ಸಂದರ್ಶನಕ್ಕೆ ಒಯ್ಯುವ ಹೊಸಬ ಪ್ರಮಾಣಪತ್ರ ಮಾತ್ರ ಹಿಡಿದು ಬಂದವರಿಗಿಂತ ಒಂದು ಹೆಜ್ಜೆ ಮುಂದಿರುತ್ತಾನೆ.

ಯಾರಿಗೆ ಯಾವ ಬಾಗಿಲು?

ವಿಜ್ಞಾನ, ಎಂಜಿನಿಯರಿಂಗ್ ಪದವೀಧರರಿಗೆ ಪೇಟೆಂಟ್ ವಿಭಾಗ ಅನುಕೂಲ. ವಾಣಿಜ್ಯ ಮತ್ತು ಕಲಾ ಪದವೀಧರರು ಟ್ರೇಡ್‌ಮಾರ್ಕ್ ವಿಭಾಗವನ್ನು ಆಯ್ದುಕೊಳ್ಳಬಹುದು. ಅಲ್ಲಿಯೂ ಗಡುವುಗಳೇ ಮುಖ್ಯ: ಪರಿಶೀಲನಾ ವರದಿಗೆ 30 ದಿನಗಳಲ್ಲಿ ಉತ್ತರ, ಜರ್ನಲ್‌ನಲ್ಲಿ ಪ್ರಕಟವಾದ ಗುರುತಿಗೆ 4 ತಿಂಗಳೊಳಗೆ ಆಕ್ಷೇಪ, 10 ವರ್ಷಕ್ಕೊಮ್ಮೆ ನವೀಕರಣ. ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಎರಡಕ್ಕೂ ಕರ್ನಾಟಕ ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರುತ್ತದೆ. ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆಗೆ ದೊರೆತಿರುವ ಜಿಐ ಮಾನ್ಯತೆಯ ನೋಂದಣಿ ಕಚೇರಿಯೂ ಚೆನ್ನೈನಲ್ಲಿಯೇ ಇದೆ.

ಕಲಿಕೆಗೆ ಹೆಚ್ಚು ಹಣ ಬೇಕಿಲ್ಲ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಪ್ರಾಥಮಿಕ ದೂರಶಿಕ್ಷಣ ಕೋರ್ಸ್ ಉಚಿತ. ಕ್ರಮಬದ್ಧ ಅಧ್ಯಯನ ಬಯಸುವ ಪದವೀಧರರು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಅಥವಾ ಇಗ್ನೊ ರೂಪಿಸಿರುವ ಬೌದ್ಧಿಕ ಆಸ್ತಿ ಸ್ನಾತಕೋತ್ತರ ಡಿಪ್ಲೊಮಾ ಕುರಿತು ವಿಚಾರಿಸಬಹುದು. ಆದರೆ 1970ರ ಪೇಟೆಂಟ್ ಕಾಯ್ದೆ ಮತ್ತು 2003ರ ಪೇಟೆಂಟ್ ನಿಯಮಗಳ ಈಚಿನ ತಿದ್ದುಪಡಿ ಸಹಿತ ಪ್ರತಿಯನ್ನು ಓದದೆ ಯಾವ ಕೋರ್ಸೂ ಪೂರ್ಣವಾಗದು.

ಎಚ್ಚರಿಕೆಯ ಮಾತು

ಅರ್ಜಿ ಸಲ್ಲಿಕೆಗೆ ಮುನ್ನ ಕಡತದ ಒಂದು ಸಾಲು ಹೊರಬಿದ್ದರೂ ಆವಿಷ್ಕಾರದ ಹೊಸತನಕ್ಕೆ ಧಕ್ಕೆ ಬರಬಹುದು. ಆದ್ದರಿಂದ ಗೋಪ್ಯತೆ ಈ ವೃತ್ತಿಯ ಮೊದಲ ಶಿಸ್ತು. ತಪ್ಪಾದಾಗ ಮುಚ್ಚಿಡದೆ ತಕ್ಷಣ ಮೇಲಿನವರಿಗೆ ತಿಳಿಸುವುದು ಎರಡನೆಯದು. ಗಡುವು ಮೀರುವ ಮುನ್ನ ತಿಳಿದ ತಪ್ಪನ್ನು ತಿದ್ದಬಹುದು, ಮೀರಿದ ಬಳಿಕ ತಿಳಿದದ್ದನ್ನು ತಿದ್ದುವುದು ಕಷ್ಟ.

ಮುಂದಿನ ಮೆಟ್ಟಿಲೂ ಇದೆ. 21 ವರ್ಷ ತುಂಬಿದ, ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನ ಪದವಿ ಪಡೆದ ಭಾರತೀಯ ನಾಗರಿಕರು ಪೇಟೆಂಟ್ ಏಜೆಂಟ್ ಅರ್ಹತಾ ಪರೀಕ್ಷೆ ಬರೆಯಬಹುದು. ಇದಕ್ಕೆ ಕಾನೂನು ಪದವಿ ಬೇಕಿಲ್ಲ. ಟ್ರೇಡ್‌ಮಾರ್ಕ್ ಏಜೆಂಟ್ ಪರೀಕ್ಷೆಗೆ ಯಾವುದೇ ಪದವಿ ಸಾಕು. ಇವೆರಡೂ ಪ್ರತಿ ವರ್ಷ ತಪ್ಪದೆ ನಡೆಯುವ ಪರೀಕ್ಷೆಗಳಲ್ಲ. ಹೀಗಾಗಿ ಅಧಿಸೂಚನೆಯ ಮೇಲೆ ಕಣ್ಣಿಟ್ಟಿರಬೇಕು. ಇನ್ನೊಬ್ಬರ ಗಡುವುಗಳನ್ನು ಕಾಯಲು ಹೊರಟವರು ತಮ್ಮ ಸ್ವಂತ ಗಡುವನ್ನು ಮರೆಯಬಾರದು.