ವಾಕಡದಿಂದ ಊರ ಗ್ರಂಥಾಲಯಕ್ಕೆ ಒಂದು ತಂತಿ

ಶುಕ್ರವಾರ ರಾತ್ರಿ ಒಂಬತ್ತರ ಮೇಲೆ ವಾಕಡದ ಸೇತುವೆ ಹತ್ತಿರ ನಿಂತರೆ ಅರ್ಧ ಉತ್ತರ ಕರ್ನಾಟಕವೇ ಅಲ್ಲಿ ಸಿಗುತ್ತದೆ. ಹಿಂಜವಡಿಯ ಕಂಪನಿಗಳ ಐಡಿ ಕಾರ್ಡು ಇನ್ನೂ ಕೊರಳಲ್ಲೇ ಇರುವ ಹುಡುಗರು, ಜಾತ್ರೆಗೆ ಹೊರಟ ಕಟ್ಟಡ ಕೆಲಸದ ಸಂಸಾರಗಳು, ಹುಬ್ಬಳ್ಳಿ ಬೆಳಗಾವಿ ಬಸ್ಸಿನ ದಾರಿ ಕಾಯುವ ವಿದ್ಯಾರ್ಥಿಗಳು. ನಾನು 2012ರಲ್ಲಿ ಈ ಊರಿಗೆ ಬಂದವನು. ನೆಟ್‌ವರ್ಕ್ ಎಂಜಿನಿಯರ್ ಕೆಲಸ. ನಮ್ಮೂರು ಮಲಪ್ರಭಾ ಬಲದಂಡೆ ಕಾಲುವೆಯ ತುದಿಭಾಗದಲ್ಲಿದೆ. ತುದಿಭಾಗ ಅಂದರೆ ಏನೆಂದು ಆ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಮುಂದೆ ಹೇಳುತ್ತೇನೆ.

ಇದೇ ಸೇತುವೆ ಕೆಳಗೆ ಬಸ್ಸಿಗಾಗಿ ನಿಂತಿದ್ದಾಗ ಊರ ಗ್ರಂಥಾಲಯದ ಮೇಲ್ವಿಚಾರಕಿಯ ಫೋನ್ ಬಂತು. ನಾನು ಅಕ್ಕ ಎಂದೇ ಕರೆಯುತ್ತೇನೆ. "ತಮ್ಮಾ, ನೀ ಅಲ್ಲೆ ನೆಟ್ಟಿನ ಕೆಲಸಾನ ಮಾಡ್ತಿ ಅಂತಲ್ಲಾ, ನಮ್ ಲೈಬ್ರರಿಗೆ ಯಾಕ ಬರವಲ್ದು ಒಂಚೂರು ನೋಡಪಾ. ಕಂಪ್ಯೂಟರ್ ಅದಾವ, ಹುಡುಗೂರು ಅದಾರ, ನೆಟ್ ಒಂದ ಇಲ್ಲ."

ಆ ಮಾತನ್ನು ಪುಣೆಯಲ್ಲಿರುವ ನಮ್ಮೂರವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ತಲೆಗೆ ಐನೂರು ಹಾಕೋಣ, ಖಾಸಗಿ ಸಂಪರ್ಕ ಕೊಡಿಸೋಣ, ಮುಗೀತು. ಒಳ್ಳೆಯ ಮನಸ್ಸಿನ ಮಾತೇ. ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ಆ ಊರಿಗೆ ಆಗಲೇ ಒಂದು ಸಾರ್ವಜನಿಕ ತಂತಿ ಬಂದಿತ್ತು. ಅದನ್ನು ಬಿಟ್ಟು ನಾವು ಇನ್ನೊಂದು ಎಳೆದರೆ ಮೊದಲಿನದನ್ನು ಕೇಳುವವರು ಯಾರು? ಗುಂಪಿನಲ್ಲಿ ಜಗಳವೇ ಆಯಿತು. ಆ ಜಗಳದಲ್ಲಿ ಸರಿಯಾಗಿ ಮಾತಾಡಲೆಂದು ನಾನು ಈ ಹಂಚಿಕೊಂಡ ಜಾಲಗಳ ಇತಿಹಾಸ ಓದಲು ಕೂತೆ. ಓದುತ್ತ ಹೋದಂತೆ ಅದು ನಾನು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗುವ ದಾರಿಯ ಆಸುಪಾಸಿನಲ್ಲೇ ನಡೆದ ಕತೆ ಎಂದು ತಿಳಿಯಿತು.

ಮೊದಲ ನಿಲ್ದಾಣ ಪುಣೆಯೇ. ಭಾರತದಲ್ಲಿ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ ಎಂದು ನಾವು ಪರೀಕ್ಷೆಗೆ ಓದಿದ್ದೇವೆ. ಅದು ದುಡ್ಡು ಕೊಟ್ಟು ಕೊಳ್ಳುವವರ ಇಂಟರ್ನೆಟ್ಟು. ಅದಕ್ಕೂ ಒಂಬತ್ತು ವರ್ಷ ಮೊದಲು, 1986ರಲ್ಲಿ, ವಿದ್ಯಾಸಂಸ್ಥೆಗಳು ಸೇರಿ ಕಟ್ಟಿಕೊಂಡ ಜಾಲವೊಂದು ಶುರುವಾಗಿತ್ತು. ಅದರ ಹೆಸರು ಅರ್ನೆಟ್. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವು. ಪಾಲುದಾರರು ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈಯ ಎನ್‌ಸಿಎಸ್‌ಟಿ ಮತ್ತು ಇಲಾಖೆ, ಒಟ್ಟು ಎಂಟು. ಎನ್‌ಸಿಎಸ್‌ಟಿಯ ಮುಖ್ಯಸ್ಥರಾಗಿದ್ದವರು ಶ್ರೀನಿವಾಸನ್ ರಮಣಿ. ಮುಂಬೈಯಿಂದ ಅಮೆರಿಕಕ್ಕೆ ಮೊದಲು ಇದ್ದ ಕೊಂಡಿಯ ವೇಗ ಸೆಕೆಂಡಿಗೆ 9,600 ಬಿಟ್. ಒಂದು ಪುಟದ ಇಂಗ್ಲಿಷ್ ಬರಹ ದಾಟಲು ಎರಡು ಸೆಕೆಂಡು. ಅರ್ನೆಟ್‌ನಿಂದ ಹೊರದೇಶಕ್ಕೆ ಹೋಗುವ ಕಾಗದಗಳೆಲ್ಲ ಸರತಿಯಲ್ಲಿ ನಿಂತು ಆ ಒಂದೇ ಸಂದಿಯಲ್ಲಿ ತೂರಬೇಕಿತ್ತು. ಇವತ್ತು ವಾಕಡದ ನನ್ನ ಎರಡು ಕೋಣೆಯ ಮನೆಗೆ ಸೆಕೆಂಡಿಗೆ 20 ಕೋಟಿ ಬಿಟ್ ಬರುತ್ತದೆ. ನಾನದನ್ನು ಹೆಚ್ಚಾಗಿ ಸಿನಿಮಾ ನೋಡಲು ಬಳಸುತ್ತೇನೆ.

ಪುಣೆಯಲ್ಲಿ ಆ ಜಾಲದ ಕೇಂದ್ರವಾದದ್ದು ವಿಶ್ವವಿದ್ಯಾಲಯದ ಆವರಣದಲ್ಲಿರುವ ಐಯೂಕಾ, ಜಯಂತ ನಾರಳೀಕರ್ 1988ರಲ್ಲಿ ಕಟ್ಟಿದ ಖಗೋಳ ವಿಜ್ಞಾನ ಸಂಸ್ಥೆ. ನಕ್ಷತ್ರ ನೋಡುವವರು ಊರಿನ ಉಳಿದ ಸಂಸ್ಥೆಗಳಿಗೂ ಇ-ಮೇಲ್ ಹಂಚುತ್ತಿದ್ದರು. ಅಲ್ಲಿನವರ ಮತ್ತು ಬೆಂಗಳೂರಿನ ವಿಜ್ಞಾನ ಸಂಸ್ಥೆಯವರ ಇ-ಮೇಲ್ ವಿಳಾಸಗಳ ಬಾಲದಲ್ಲಿ ಬಹಳ ವರ್ಷ 'ಅರ್ನೆಟ್ ಡಾಟ್ ಇನ್' ಎಂದಿರುತ್ತಿದ್ದದ್ದು ನಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು.

ಗ್ರಂಥಾಲಯಗಳ ಕತೆಯೂ ಅದೇ ಕಾಲದ್ದು. ವಿದೇಶಿ ವೈಜ್ಞಾನಿಕ ಪತ್ರಿಕೆಗಳ ಚಂದಾ ದುಬಾರಿ. ಒಂದೊಂದು ಗ್ರಂಥಾಲಯ ಒಂದೊಂದನ್ನು ತರಿಸಿ ಹಂಚಿಕೊಂಡರೆ ಎಲ್ಲರಿಗೂ ಅನುಕೂಲ. ಆದರೆ ಯಾರಲ್ಲಿ ಏನಿದೆ ಎಂದು ಗೊತ್ತಾಗಬೇಕಲ್ಲ? ಅದಕ್ಕೆಂದೇ ಕೇಂದ್ರದ ನಿಸ್ಸಾಟ್ ಯೋಜನೆಯ ನೆರವಿನಲ್ಲಿ ಊರೂರಿನ ಗ್ರಂಥಾಲಯ ಜಾಲಗಳು ಹುಟ್ಟಿದವು. ಕಲ್ಕತ್ತಕ್ಕೆ ಕ್ಯಾಲಿಬ್‌ನೆಟ್, ದೆಹಲಿಗೆ ಡೆಲ್‌ನೆಟ್. ಪುಣೆಯಲ್ಲಿ ವಿಶ್ವವಿದ್ಯಾಲಯ, ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಮತ್ತು ಸಿ-ಡ್ಯಾಕ್ ಸೇರಿ 1992ರಲ್ಲಿ ಶುರುಮಾಡಿದ್ದು ಪುಣೆನೆಟ್. ನಮ್ಮ ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಆವರಣದಲ್ಲಿ ಮೈಲಿಬ್‌ನೆಟ್. ಮೊಡೆಮ್ಮಿನ ಆಮೆವೇಗದಲ್ಲಿ ಪುಸ್ತಕ ಕಳಿಸಲಾಗುತ್ತಿರಲಿಲ್ಲ, ಪುಸ್ತಕದ ಪಟ್ಟಿಯನ್ನಷ್ಟೇ ಹಂಚಿಕೊಳ್ಳಬಹುದಿತ್ತು. ಪಟ್ಟಿ ನೋಡಿ, ಪ್ರತಿ ತರಿಸಿಕೊಳ್ಳಬೇಕು. ಸಣ್ಣ ಕೆಲಸವೆನ್ನಿಸಬಹುದು. ಆದರೆ ಅದೇ ಯೋಚನೆ ಬೆಳೆದು, 1991ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ಇನ್‌ಫ್ಲಿಬ್‌ನೆಟ್ ಈಗ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯನ್ನು ನಡೆಸುತ್ತಿದೆ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಆ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸುಮಾರು 6,300 ಸರ್ಕಾರಿ ವಿದ್ಯಾಸಂಸ್ಥೆಗಳು ಅದರೊಳಗೆ. ಗುಲ್ಬರ್ಗದ ಸಂಶೋಧನಾ ವಿದ್ಯಾರ್ಥಿಯೂ ದೆಹಲಿಯವನೂ ಒಂದೇ ಪತ್ರಿಕೆ ಓದಬಹುದು.

ಹೀಗೆ ಕಾಲೇಜುಗಳಿಗೆ ದಾರಿಯಾಯಿತು. ಹಳ್ಳಿಗೆ?

ಬಸ್ಸು ಸಾತಾರ, ಕರಾಡ ದಾಟಿ ಬೆಳಗಿನ ಜಾವಕ್ಕೆ ವಾರಣಾ ನದಿಯ ಸೇತುವೆ ಹಾಯುತ್ತದೆ. ಎಲ್ಲರೂ ನಿದ್ದೆಯಲ್ಲಿರುತ್ತಾರೆ. ಅಲ್ಲಿಂದ ಪಶ್ಚಿಮಕ್ಕೆ ವಾರಣಾನಗರ, ತಾತ್ಯಾಸಾಹೇಬ ಕೋರೆಯವರು ಕಟ್ಟಿದ ಸಕ್ಕರೆ ಸಹಕಾರಿಯ ಊರು. 1998ರಲ್ಲಿ ಕೊಲ್ಹಾಪುರ, ಸಾಂಗ್ಲಿ ಜಿಲ್ಲೆಗಳ 70 ಹಳ್ಳಿಗಳನ್ನು ಅಲ್ಲಿ ಜಾಲದಿಂದ ಬೆಸೆಯಲು ಹೊರಟರು. ಹಳ್ಳಿಗೊಂದು ಕಂಪ್ಯೂಟರ್ ಕೇಂದ್ರ. ಬೆಳೆ ಮಾಹಿತಿ, ಮಾರುಕಟ್ಟೆ ದರ, ಸರ್ಕಾರಿ ಸೇವೆ, ಶಿಕ್ಷಣ ಎಲ್ಲವೂ ಅದರಲ್ಲಿ ಬರುತ್ತದೆಂಬ ಆಸೆ. ದೇಶದ ಪತ್ರಿಕೆಗಳೆಲ್ಲ ಬರೆದವು. ಕೆಲವು ವರ್ಷಗಳ ಬಳಿಕ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧಕರು ಹೋಗಿ ನೋಡಿದರೆ, ಆ ಕಂಪ್ಯೂಟರುಗಳು ಮುಖ್ಯವಾಗಿ ಒಂದೇ ಕೆಲಸಕ್ಕೆ ಬಳಕೆಯಾಗುತ್ತಿದ್ದವು: ಕಬ್ಬಿನ ತೂಕವೆಷ್ಟು, ಬಿಲ್ಲೆಷ್ಟು, ಗೊಬ್ಬರದ ಲೆಕ್ಕವೆಷ್ಟು. ಅದಕ್ಕೆ ಕಂಪ್ಯೂಟರೇ ಏಕೆಂದು ಅವರು ಏಳು ಹಳ್ಳಿಗಳಲ್ಲಿ ಮೊಬೈಲ್ ಸಂದೇಶದಿಂದಲೇ ಆ ಕೆಲಸ ಮಾಡಿಸಿ ತೋರಿಸಿದರು. ರೈತರಿಗೆ ಅದೇ ಹಿಡಿಸಿತು.

ಈ ಕತೆಯನ್ನು 'ಹಳ್ಳಿಗೆ ಜಾಲ ಬೇಕಿಲ್ಲ' ಎನ್ನುವವರು ಬಳಸುತ್ತಾರೆ. ನಾನು ಹಾಗೆ ಓದುವುದಿಲ್ಲ. ವಾರಣೆಯಲ್ಲಿ ಉಳಿದದ್ದು ರೈತನಿಗೆ ದಿನಾ ಬೇಕಾದ ಲೆಕ್ಕ, ಅದನ್ನು ಕೇಳಲು ಒಬ್ಬ ಒಡೆಯ, ಅಂದರೆ ಸಹಕಾರಿ ಸಂಘ. ಉಳಿದ ಸೇವೆಗಳಿಗೆ ಅಂಥ ಒಡೆಯರಿರಲಿಲ್ಲ.

ದೊಡ್ಡ ಪ್ರಯತ್ನ ಬಂದದ್ದು 2011ರ ಅಕ್ಟೋಬರಿನಲ್ಲಿ. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆಯ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿತು. ಈಗ ಅದರ ಹೆಸರು ಭಾರತ್‌ನೆಟ್. 2017ರ ಕೊನೆಗೆ ಮೊದಲ ಹಂತದಲ್ಲಿ ಒಂದು ಲಕ್ಷ ಪಂಚಾಯಿತಿಗಳು ಮುಗಿದವು. ಕರ್ನಾಟಕದ ಬಹುಪಾಲು ಪಂಚಾಯಿತಿಗಳು ಅದರಲ್ಲೇ ಬಂದವು.

ಇದಕ್ಕೆ ದುಡ್ಡು ಎಲ್ಲಿಂದ ಎಂದು ನೋಡಿದಾಗ ನನಗೆ ಊರು ನೆನಪಾಯಿತು. 2002ರಿಂದ ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆಯ ಆದಾಯದ ಶೇ 5ನ್ನು ಸಾರ್ವತ್ರಿಕ ಸೇವಾ ನಿಧಿಗೆ ಕಟ್ಟುತ್ತಿವೆ. ಕಂಪನಿ ಕಟ್ಟಿದರೂ ಕೊನೆಗೆ ಅದು ನಮ್ಮ ನಿಮ್ಮ ರೀಚಾರ್ಜಿನಿಂದ ಬಂದದ್ದೇ. ಗ್ರಂಥಾಲಯಕ್ಕೂ ಹೀಗೇ ಒಂದು ಕರವಿದೆ: 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ, ಈಗ ಶೇ 6. ನೆಟ್ಟಿಗೂ ಕೊಟ್ಟಿದ್ದೇವೆ, ಪುಸ್ತಕಕ್ಕೂ ಕೊಟ್ಟಿದ್ದೇವೆ.

ಕರ ಕೊಟ್ಟ ಮೇಲೆ ಬರಬೇಕಾದದ್ದು ಬರದಿದ್ದರೆ ಏನಾಗುತ್ತದೆಂದು ನಮ್ಮ ಸೀಮೆಗೆ ಚೆನ್ನಾಗಿ ಗೊತ್ತು. ನವಿಲುತೀರ್ಥದ ಅಣೆಕಟ್ಟು ಮುಗಿದ ಮೇಲೆ ಕಾಲುವೆಯ ಅಚ್ಚುಕಟ್ಟಿನ ರೈತರ ಮೇಲೆ ಬೆಟರ್‌ಮೆಂಟ್ ಲೆವಿ ಮತ್ತು ನೀರಿನ ಕರ ಬಿದ್ದವು. ನೀರು ಸರಿಯಾಗಿ ಬರದ ಹೊಲಗಳಿಗೂ ಬಿದ್ದವು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಇಂದಿಗೂ ಆ ದಿನ ಅಲ್ಲಿ ಹುತಾತ್ಮರ ನೆನಪಿಗೆ ಜನ ಸೇರುತ್ತಾರೆ. ನೀರಿಗೂ ನೆಟ್ಟಿಗೂ ಹೋಲಿಕೆ ಎಲ್ಲಿಂದ ಎಲ್ಲಿಗೆ ಎನ್ನಬಹುದು. ನಾನು ಪ್ರಾಣದ ಬೆಲೆಯನ್ನು ಹೋಲಿಸುತ್ತಿಲ್ಲ. ಕಟ್ಟಡದ ರಚನೆಯನ್ನು ಹೋಲಿಸುತ್ತಿದ್ದೇನೆ.

ಏಕೆಂದರೆ ಮೊದಲ ಹಂತದ ತಂತಿ ಥೇಟ್ ಕಾಲುವೆಯಂತೆಯೇ ಇತ್ತು. ತಾಲ್ಲೂಕಿನ ಟೆಲಿಫೋನ್ ಕೇಂದ್ರದ ತನಕ ಹಳೆಯ ತಂತಿ. ಅಲ್ಲಿಂದ ಪಂಚಾಯಿತಿಗೆ ಹೊಸ ತುಂಡು ಜೋಡಣೆ. ಒಂದು ಎಳೆ ಕವಲೊಡೆದು ಊರೂರಿಗೆ ಹೋಗುತ್ತದೆ. ಮೇಲೆ ಎಲ್ಲೋ ಒಂದು ಕಡೆ ಜೆಸಿಬಿ ತಾಗಿ ಕಡಿದರೆ ಕೆಳಗಿನ ಊರುಗಳೆಲ್ಲ ಒಣಗುತ್ತವೆ. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆಯಾದಾಗ ಇದನ್ನೇ ಸರಿಪಡಿಸಲು ಹೊರಟರು: ತಂತಿ ಇನ್ನು ಬಳೆಯಾಕಾರದಲ್ಲಿ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸುತ್ತಿ ಬರುವಂತೆ, ಜೊತೆಗೆ ಹತ್ತು ವರ್ಷದ ನಿರ್ವಹಣೆಯೂ ಗುತ್ತಿಗೆಯಲ್ಲೇ ಸೇರಿದೆ. ಎಳೆಯುವುದು ಒಂದು ಕೆಲಸ, ಕಾಯುವುದು ಇನ್ನೊಂದು ಎಂಬ ತಿಳಿವಳಿಕೆ ಬರಲು ಹನ್ನೆರಡು ವರ್ಷ ಹಿಡಿಯಿತು. ಹಳೆಯ ಮೈಸೂರಿನ ಕೆರೆಗಳಿಗೆ ತೂಬು ಎತ್ತಿ ಇಳಿಸಲು ನೀರುಗಂಟಿ ಇರುತ್ತಿದ್ದ, ಅವನಿಗೆ ಊರೇ ಕಾಳು ಅಳೆಯುತ್ತಿತ್ತು. ನಮ್ಮ ಹಿರಿಯರು ಕೆರೆಯ ಜೊತೆಗೇ ಆ ಲೆಕ್ಕವನ್ನೂ ಹಾಕಿದ್ದರು.

ಇನ್ನೊಂದು ತೊಡಕು ಕೊನೆಯ ನೂರು ಮೀಟರಿನದು. ಮೊದಲ ಹಂತದ ತಂತಿ ಪಂಚಾಯಿತಿ ಕಚೇರಿಗೆ ಬಂದು ನಿಲ್ಲುತ್ತಿತ್ತು. ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರ, ಗ್ರಂಥಾಲಯ ಅಲ್ಲೇ ಕೂಗಳತೆಯಲ್ಲಿದ್ದರೂ ಅವುಗಳೊಳಗೆ ಹೋಗುತ್ತಿರಲಿಲ್ಲ. ಗಡಿಯಾಚೆ ಕಾಸರಗೋಡಿನ ನಮ್ಮವರು ಬೇರೆ ದಾರಿ ಕಂಡಿದ್ದಾರೆ. ಕೇರಳ ಸರ್ಕಾರ 2023ರ ಜೂನ್ 5ರಂದು ಉದ್ಘಾಟಿಸಿದ ಕೆ-ಫೋನ್ ಜಾಲದ ಗುರಿಯಲ್ಲೇ 30,000 ಸರ್ಕಾರಿ ಕಚೇರಿ ಮತ್ತು ಶಾಲೆಗಳ ಹೆಸರಿದೆ, 20 ಲಕ್ಷ ಬಡ ಕುಟುಂಬಗಳ ಹೆಸರೂ ಇದೆ. ಇಲ್ಲಿ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆಯವರು ಹಳ್ಳಿಯವರ ಜೊತೆ ಸೇರಿ ಬಿದಿರಿನ ಗೋಪುರಗಳ ಮೇಲೆ ವೈಫೈ ಪೆಟ್ಟಿಗೆ ಕಟ್ಟಿ, ಮನೆಯಿಂದ ಮನೆಗೆ ದಾಟುವ ಜಾಲ ಮಾಡಿದ್ದಾರೆ. ಅಮೆರಿಕವು 1996ರ ದೂರಸಂಪರ್ಕ ಕಾಯ್ದೆಯಲ್ಲೇ ಶಾಲೆ ಮತ್ತು ಗ್ರಂಥಾಲಯಗಳಿಗೆ ಅಗ್ಗದ ಸಂಪರ್ಕ ಸಿಗಬೇಕೆಂದು ಬರೆದಿತ್ತು. ಎಲ್ಲ ಕಡೆ ಪಾಠ ಒಂದೇ: ಯಾರ ಬಾಗಿಲಿಗೆ ಎಂದು ಮೊದಲೇ ಹೆಸರು ಬರೆಯದಿದ್ದರೆ ತಂತಿ ಅವರ ಬಾಗಿಲಿಗೆ ಹೋಗುವುದಿಲ್ಲ.

2020ರ ಲಾಕ್‌ಡೌನಿನಲ್ಲಿ ನಾನು ಊರಲ್ಲಿದ್ದೆ. ಸಿಗ್ನಲ್ಲಿಗಾಗಿ ಮಾಳಿಗೆ ಹತ್ತಿ ಆಫೀಸಿನ ಕೆಲಸ ಮಾಡುತ್ತಿದ್ದೆ. ಅಕ್ಕನ ಮಗಳು ಏಳನೆಯ ತರಗತಿ. ಮನೆಯಲ್ಲಿದ್ದ ಒಂದೇ ಒಳ್ಳೆಯ ಫೋನು ನನ್ನದು. ನನ್ನ ಮೀಟಿಂಗೂ ಅವಳ ಪಾಠವೂ ಒಂದೇ ಹೊತ್ತಿಗೆ ಬಂದಾಗ ಫೋನು ನನ್ನ ಕೈಯಲ್ಲೇ ಉಳಿಯಿತು. ಸಂಬಳದ ಕೆಲಸ, ಏನು ಮಾಡಲಿ ಎಂದೆ. ಅವಳು ಏನೂ ಅನ್ನದೆ ಕೆಳಗಿಳಿದು ಹೋದಳು. ಅದೇ ಹೊತ್ತಿಗೆ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಬದಲಾಗುತ್ತಿದ್ದವು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದಿದ್ದವು. 2020ರಲ್ಲಿ 'ಓದುವ ಬೆಳಕು' ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಮುಂದೆ ಹಲವು ಗ್ರಂಥಾಲಯಗಳಿಗೆ ಕಂಪ್ಯೂಟರು, ಸ್ಮಾರ್ಟ್‌ಫೋನು ಬಂದವು, ಹೆಸರು 'ಅರಿವು ಕೇಂದ್ರ' ಎಂದಾಯಿತು. ಫೋನಿಲ್ಲದ ಮಗು ಹೋಗಿ ಕೂರಬಹುದಾದ ಜಾಗ ಊರಲ್ಲಿ ಅದೊಂದೇ. ಅಕ್ಕ ಫೋನ್ ಮಾಡಿದಾಗ ನನಗೆ ಮಾಳಿಗೆಯ ಮೆಟ್ಟಿಲು ನೆನಪಾದದ್ದು ಅದಕ್ಕೇ.

ಕಡೆಗೆ ಗುಂಪಿನಲ್ಲಿ ಒಂದು ರಾಜಿಯಾಯಿತು. ಒಂದು ವರ್ಷಕ್ಕೆ ಮಾತ್ರ ನಾವು ದುಡ್ಡು ಹಾಕಿ ಖಾಸಗಿ ಸಂಪರ್ಕ ಕೊಡಿಸುವುದು, ಮಕ್ಕಳು ನಮ್ಮ ವಾದ ಮುಗಿಯುವ ತನಕ ಕಾಯಬಾರದು. ಜೊತೆಗೆ ಪ್ರತಿ ತಿಂಗಳು ಸಾರ್ವಜನಿಕ ತಂತಿಯ ಬಗ್ಗೆ ಲಿಖಿತ ಅರ್ಜಿ. ನಾನು ಊರಿಗೆ ಹೋಗಿ ನೋಡಿದೆ. ಪಂಚಾಯಿತಿಯ ಪೆಟ್ಟಿಗೆಯಲ್ಲಿ ತೊಂದರೆಯಿರಲಿಲ್ಲ. ಎರಡು ಕಿಲೋಮೀಟರ್ ಆಚೆ ರಸ್ತೆ ಅಗಲ ಮಾಡುವಾಗ ತಂತಿ ಕಡಿದಿತ್ತು. ಕಡಿದವರು ಒಬ್ಬರು, ಎಳೆದವರು ಒಬ್ಬರು, ಕೂಡಿಸಬೇಕಾದವರು ಇನ್ನೊಬ್ಬರು. ನಾಲ್ಕನೆಯ ಅರ್ಜಿಗೆ ಜನ ಬಂದು ಕೂಡಿಸಿದರು. ಎರಡು ತಿಂಗಳಿಗೆ ಮತ್ತೆ ಹೋಯಿತು, ಮತ್ತೆ ಬಂತು.

ಈಗ ಅಕ್ಕ ಓದುಗರ ಹಾಜರಿ ಪುಸ್ತಕದಲ್ಲಿ ಒಂದು ಗೆರೆ ಎಳೆದು ಹೊಸ ಅಂಕಣ ಮಾಡಿದ್ದಾರೆ: 'ನೆಟ್ ಬಂದ ದಿನ'. ಬಂದರೆ ಸರಿ ಗುರುತು, ಬರದಿದ್ದರೆ ಸೊನ್ನೆ. ತಿಂಗಳ ಕೊನೆಗೆ ಆ ಪುಟದ ಫೋಟೋ ಗುಂಪಿಗೆ ಬರುತ್ತದೆ, ನಾವು ಅದನ್ನೇ ಅರ್ಜಿಗೆ ಲಗತ್ತಿಸುತ್ತೇವೆ. ಹೋದ ತಿಂಗಳು ಹತ್ತೊಂಬತ್ತು ಸರಿ ಗುರುತು, ಆರು ಸೊನ್ನೆ. "ಕಾಲುವಿ ನೀರಿಗಿಂತ ಪಾಡ ಐತಿ ತಮ್ಮಾ" ಅಂದರು ಅಕ್ಕ. ನಮ್ಮ ಒಂದು ವರ್ಷ ಮುಗಿಯಲು ಇನ್ನೂ ನಾಲ್ಕು ತಿಂಗಳಿದೆ.